ಬಿಸಿಲಿಗೆ ನೀಲಿಯಾದ ಎಲುಬು

ಚಿಮ್ಮನಚೋಡದ ನಮ್ಮ ಹೊಲದಲ್ಲಿ, ಹಳ್ಳದ ದಂಡೆಗೆ ಪೈಪ್ ಹಾಕಲು ಅಗೆಯುವಾಗ ಎತ್ತಿನ ತಲೆಬುರುಡೆ ಮೇಲೆ ಬಂತು. ನಮ್ಮ ಮಾವನವರು ವರ್ಷಗಳ ಹಿಂದೆ ಪೂಜೆ ಮಾಡಿ ಮಣ್ಣು ಮಾಡಿದ್ದ ಎತ್ತು ಅದು. ಹಣೆಗೆ ಬಿಳಿ ಪುಡಿ ಮೆತ್ತಿತ್ತು.

“ನೋಡವ್ವ, ನಾ ಹಚ್ಚಿದ ವಿಭೂತಿ ಇನ್ನಾ ಹಂಗೇ ಅದ” ಎಂದು ಅವರು ಕಣ್ಣೊರೆಸಿಕೊಂಡರು.

ಬಿಸಿಲಿಗೆ ಇಟ್ಟ ಸ್ವಲ್ಪ ಹೊತ್ತಿಗೆ ಆ ಬಿಳುಪು ನಮ್ಮ ಕಣ್ಣೆದುರೇ ನೀಲಿಯಾಗತೊಡಗಿತು. ಮಾವನವರ ದನಿಯೇ ಬದಲಾಯಿತು. “ಯಾರೋ ವಿಷ ಹಾಕ್ಯಾರ ನನ್ನ ಎತ್ತಿಗಿ.”

ಎಲ್ಲರೂ ಬಾಜು ಹೊಲದ ಕಡೆ ತಿರುಗಿದೆವು. ಆ ಹೊಲದವರೊಂದಿಗೆ ನಮಗೆ ಬದುವಿನ ಜಗಳ ಹಳೆಯದು.

ಸೇಡಂನಲ್ಲಿ ಭೂವಿಜ್ಞಾನ ಕಲಿಸುವ ನನ್ನ ತಂಗಿಗೆ ಫೋಟೊ ಕಳಿಸಿದೆ. ಉಗುರಿನಿಂದ ಕೆರೆದು ನೋಡು ಎಂದಳು. ಕೆರೆದರೆ ಪುಡಿಯಾಯಿತು. ಅದು ವಿವಿಯನೈಟ್ ಎಂಬ ಅಪರೂಪದ ಖನಿಜವಂತೆ. ಕೆಸರಿನ ಕಬ್ಬಿಣ ಎಲುಬಿನ ರಂಜಕದೊಂದಿಗೆ ಬೆರೆತು ಹುಟ್ಟುತ್ತದಂತೆ. ನೆಲದೊಳಗೆ ಬಿಳಿ ಇರುತ್ತದೆ, ಗಾಳಿ ಬೆಳಕು ತಾಗಿದರೆ ನೀಲಿಯಾಗುತ್ತದೆ.

ಎಲುಬು ನೀಲಿಯಾಗಲು ಸ್ವಲ್ಪ ಹೊತ್ತಾದರೂ ಹಿಡಿಯಿತು. ಬಾಜು ಹೊಲದವರೇ ವಿಷ ಹಾಕಿದರೆಂದು ನಂಬಲು ನಮಗೆ ಅಷ್ಟೂ ಹಿಡಿಯಲಿಲ್ಲ.