ಸೈಲೆನ್ಸರ್ ಬೋಲ್ಟಿಗೆ ಯಾವ ಬಲ?

ನನಗೆ ಉಸ್ತುವಾರಿ ಮಾಡುವ ಚಟವಿದೆ. ಅದಕ್ಕೆ ಕೆಲಸ ಗೊತ್ತಿರಬೇಕೆಂದೇನೂ ಇಲ್ಲ, ಕೂರಲು ಕುರ್ಚಿಯಿದ್ದರೆ ಸಾಕು. ಹೋದ ಶನಿವಾರ ಅಮೆರಿಕದ ರಾಂಚೊ ಬರ್ನಾರ್ಡೊದ ನಮ್ಮ ಮನೆಯ ಗರಾಜಿನಲ್ಲಿ ಮೊಮ್ಮಗಳು ಅನಘಾ ತನ್ನ ಹಳೇ ಮೋಟಾರ್ ಸೈಕಲ್ಲಿನ ಪಕ್ಕ ನೆಲದ ಮೇಲೆ ಮಲಗಿದ್ದು ಕಂಡಿದ್ದೇ, ಮಡಚುವ ಕುರ್ಚಿ ಬಿಡಿಸಿಕೊಂಡು ಕೂತೆ. ಗಾಡಿಯನ್ನು ವರ್ಣಿಸಬೇಕೆಂಬ ಆಸೆಯಿದೆ. ಆದರೆ ಫೋನಿನಲ್ಲಿ ಟೈಪ್ ಮಾಡುವುದನ್ನು ಈಗಷ್ಟೇ ಕಲಿತಿದ್ದೇನೆ, ಓಡುವುದು ಒಂದೇ ಬೆರಳು. ಹಾಗಾಗಿ ನೇರ ಬೋಲ್ಟಿಗೇ ಬರುತ್ತೇನೆ.

ಗಾಡಿಯ ಸೈಲೆನ್ಸರ್ ತೂತಾಗಿತ್ತು. ಸ್ಟಾರ್ಟ್ ಮಾಡಿದರೆ ನಮ್ಮ ಅಡಿಗೆಮನೆಯ ಲೋಟಗಳು ನಡುಗುತ್ತಿದ್ದವು. ಬೆಳಿಗ್ಗೆ ನನ್ನ ಮಗ ಶ್ರೀಧರ ಕಾಫಿ ಹಿಡಿದು ಬಂದು ಮಗಳಿಗೆ ತೀರ್ಪು ಕೊಟ್ಟಿದ್ದ.

"ನಾಳೆಯೊಳಗೆ ಸರಿಹೋಗ್ಲಿಲ್ಲ ಅಂದ್ರೆ ಇದು ಈ ಮನೇಲಿರಲ್ಲ. ಯಾರಿಗಾದ್ರೂ ಕೊಟ್ಬಿಡ್ತೀನಿ."

"ಐ ನೋ, ಅಪ್ಪಾ. ಐ ನೋ!"

ಹೊಸ ಸೈಲೆನ್ಸರ್ ಬಂದಿತ್ತು. ಹಳೆಯದನ್ನು ಇಂಜಿನ್ನಿಗೆ ಹಿಡಿದಿದ್ದ ಎರಡು ಬೋಲ್ಟುಗಳು ಮಾತ್ರ ತುಕ್ಕು ಹಿಡಿದು ಕಚ್ಚಿಕೊಂಡಿದ್ದವು. ಜೋರು ಮಾಡಿದರೆ ಬೋಲ್ಟಿನ ತಲೆ ಮುರಿದು, ಉಳಿದದ್ದು ಇಂಜಿನ್ನಿನೊಳಗೇ ಸಿಕ್ಕಿಕೊಳ್ಳುತ್ತದಂತೆ. ಹಾಗಾದರೆ ನಾಳೆ ಗಾಡಿ ಹೋದಂತೆಯೇ. ಅನಘಾ ತುಕ್ಕು ಬಿಡಿಸುವ ಎಣ್ಣೆ ಸಿಂಪಡಿಸಿ ನೆನೆಯಲು ಬಿಟ್ಟಿದ್ದಳು. ಸುತ್ತಿಗೆಯಲ್ಲಿ ಮೆಲ್ಲಗೆ ಕುಟ್ಟಿದಳು. ಸ್ಪ್ಯಾನರ್ ಹಾಕಿ ಎಳೆದಳು. ಅದು ಜಪ್ಪಯ್ಯ ಅನ್ನಲಿಲ್ಲ.

ಸುಮ್ಮನೆ ನೋಡುತ್ತ ಕೂರುವುದು ನನ್ನ ಜಾತಕದಲ್ಲಿಲ್ಲ.

"ಬಲ ಹಾಕೇ!" ಎಂದೆ.

ಅವಳು ಅನುಮಾನಿಸಿದಳು. "ಆರ್ ಯೂ ಶೂರ್, ಅಜ್ಜಿ?"

"ಶೂರ್ ಏನ್ ಬಂತು? ಬೆಳಿಗ್ಗೆ ಉಪ್ಪಿಟ್ಟು ತಿಂದಿಲ್ವಾ? ಬಲ, ಬಲ!"

ಹುಡುಗಿ ಸ್ಪ್ಯಾನರ್ ತೆಗೆದು, ಮತ್ತೊಂದು ಕಡೆಯಿಂದ ಹಾಕಿ, ಹಲ್ಲು ಕಚ್ಚಿ ತಿರುಗಿಸಿದಳು. ಬಲಕ್ಕೆ!

ತಪ್ಪು ಯಾರದು, ನೀವೇ ಹೇಳಿ. ನಮ್ಮ ಭಾಷೆಯಲ್ಲಿ ಶಕ್ತಿಯೂ ಬಲವೇ, ಊಟ ಮಾಡುವ ಕೈಯ ದಿಕ್ಕೂ ಬಲವೇ. ಅನಘಾ ಕನ್ನಡ ಕಲಿತದ್ದೋ ಕಾರಿನ ಹಿಂದಿನ ಸೀಟಿನಲ್ಲಿ. ಫೋನು ದಾರಿ ಹೇಳುತ್ತಿದ್ದರೂ ನನಗೆ ಸಮಾಧಾನವಿಲ್ಲದೆ, "ಶ್ರೀಧರಾ, ಬಲ ಕಣೋ, ಬಲ!" ಎಂದು ಕೂಗುತ್ತಿದ್ದೆ. ಅವಳ ಪಾಲಿಗೆ ಬಲವೆಂದರೆ ಫ್ರೀವೇಯಿಂದ ಹೊರಬೀಳುವ ಎಕ್ಸಿಟ್ಟು, ಅಷ್ಟೇ. ಇರುವ ಶಕ್ತಿಯನ್ನೆಲ್ಲ ಬಲಗೈಗೆ ಬರೆದುಕೊಟ್ಟ ನಮ್ಮ ಹಿರಿಯರು ಎಡಕ್ಕೆ ಉಳಿಸಿದ್ದು ಎಡವಟ್ಟೊಂದನ್ನೇ. ಬೋಲ್ಟು ಬಿಚ್ಚಬೇಕಾದ್ದು ಎಡಕ್ಕೆ ಎಂದು ಅವರಿಗೇನು ಗೊತ್ತಿತ್ತು, ಪಾಪ.

"ಟಕ್" ಎಂದು ಸದ್ದಾಯಿತು. ಮುರಿದೇಹೋಯಿತು ಎಂದುಕೊಂಡೆ. ಅನಘಾ ಟಾರ್ಚ್ ಬಿಟ್ಟು ನೋಡಿದಳು. ತಲೆ ನೆಟ್ಟಗಿತ್ತು, ಸುತ್ತ ಒಂದಿಷ್ಟು ತುಕ್ಕಿನ ಪುಡಿ ಉದುರಿತ್ತು.

"ಅಜ್ಜಿ! ಯೂ ಸೆಡ್ ರೈಟ್! ದಟ್ಸ್ ಟೈಟನಿಂಗ್!"

"ನಾನೆಲ್ಲಿ ರೈಟ್ ಅಂದೆ? ಶಕ್ತಿ ಹಾಕು ಅಂದೆ ಕಣೇ!"

"ದೆನ್ ಸೇ ಶಕ್ತಿ!"

ಸಿಟ್ಟಿನಲ್ಲೇ ಸ್ಪ್ಯಾನರ್ ತಿರುವಿ ಎಡಕ್ಕೆ ಎಳೆದಳು. ಬೋಲ್ಟು ಕಿರ್ರೆಂದು ಕದಲಿತು. ಒಂಚೂರು ಹಿಂದೆ, ಒಂಚೂರು ಮುಂದೆ ಆಡಿಸುತ್ತ ಆಡಿಸುತ್ತ ಪೂರ್ತಿ ಹೊರಗೆ ತೆಗೆದಳು.

ನಮ್ಮ ಗಲಾಟೆಗೆ ಶ್ರೀಧರ ಹೊರಬಂದ. ಬೋಲ್ಟನ್ನು ಕೈಯಲ್ಲಿ ಹೊರಳಿಸಿ ನೋಡಿ, "ಹೇಗೆ ತೆಗೆದೆ?" ಎಂದ. ಅವಳು ಮೊದಲು ಬಲಕ್ಕೆ, ಆಮೇಲೆ ಎಡಕ್ಕೆ ಕೈ ಆಡಿಸಿ ತೋರಿಸಿದಳು.

"ಅರೆ, ಕರೆಕ್ಟು! ಮೊದ್ಲು ಒಂಚೂರು ಟೈಟ್ ಮಾಡಿದ್ರೆ ತುಕ್ಕು ಬಿಟ್ಕೊಳತ್ತೆ. ಯಾರು ಹೇಳಿಕೊಟ್ರು?"

ಅನಘಾ ನನ್ನ ಮುಖ ನೋಡಿದಳು. ನಾನು ಸೆರಗು ಸರಿಮಾಡಿಕೊಂಡೆ.

"ಅಜ್ಜಿ," ಎಂದಳು ಪುಣ್ಯಾತ್ಗಿತ್ತಿ.

"ಅಮ್ಮ, ನಿಮಗೆ ಇದೆಲ್ಲ ಗೊತ್ತಾ?"

"ಏನೋ ಅಲ್ಪಸ್ವಲ್ಪ," ಎಂದೆ.

"ಸರಿ, ಇನ್ನೊಂದೂ ಹೀಗೇ ಬಂದ್ರೆ ಗಾಡಿ ಇರ್ಲಿ ಬಿಡು," ಎಂದು ಅವನು ಒಳಗೆ ಹೋದ.

ಅನಘಾ ಎರಡನೇ ಬೋಲ್ಟಿಗೆ ಸ್ಪ್ಯಾನರ್ ಹಾಕಿ ನನ್ನತ್ತ ತಿರುಗಿದಳು. ಬೆಳಿಗ್ಗೆಯಿಂದ ಇಂಗ್ಲಿಷಿನಲ್ಲೇ ಇದ್ದ ಹುಡುಗಿ, ತಡವರಿಸುತ್ತ ಕನ್ನಡದಲ್ಲಿ ಕೇಳಿದಳು: "ಅಜ್ಜಿ, ಈಗ ಯಾವ ಬಲ?"

"ಮೊದ್ಲು ಬಲ ಹಾಕಿ ಬಲಕ್ಕೆ. ಆಮೇಲೆ ಬಲ ಹಾಕಿ ಎಡಕ್ಕೆ."

ಅದೂ ಬಂತು. ಮೊದಲ ಸಲ ತಿಳಿಯದೆ ಮಾಡಿದ ತಪ್ಪನ್ನು ಎರಡನೇ ಸಲ ತಿಳಿದೇ ಮಾಡಿದ್ದೆವು. ಅನುಭವಸ್ಥರು ಅನ್ನಿಸಿಕೊಳ್ಳುವುದಕ್ಕೆ ಅಷ್ಟೇ ಸಾಕೆಂದು ಕಾಣುತ್ತದೆ.