ಎರಡು ದಿನದ ಸಂಕ

ಪಕ್ಕದ ಮನೆಯವರು ತಾರಸಿ ಹಾಕಿಸಿದ್ದಾರೆ. ಹೊಸ ಕಾಂಕ್ರೀಟಿನ ಮೇಲೆ ಗೋಣಿ ಹಾಸಿ ಬೆಳಿಗ್ಗೆ ಸಂಜೆ ನೀರು ಹೊಡೆಯುತ್ತಾರೆ. ಒದ್ದೆ ಗೋಣಿಯೂ ಸಿಮೆಂಟೂ ಕೂಡಿದ ಆ ವಾಸನೆ ನಮ್ಮ ಜಗಲಿಯ ತನಕ ಬಂದು ಚಹಾದ ಲೋಟದೊಳಗೂ ಇಳಿಯುತ್ತದೆ. ನಿಮಗಾದರೆ ಅದು ಹೊಸ ಮನೆಯ ವಾಸನೆ. ನನಗೆ ಮಾತ್ರ ಅದು ಮೂಗಿಗೆ ಬಡಿದ ಕೂಡಲೇ ಎದ್ದು ಒಳಗೆ ಹೋಗಬೇಕೆನಿಸುತ್ತದೆ. ಯಾಕೆಂದು ಹೇಳುತ್ತೇನೆ. ಸ್ವಲ್ಪ ಸುತ್ತಿ ಬಳಸಿ ಹೇಳಿದರೆ ಬೇಸರ ಮಾಡಿಕೊಳ್ಳಬೇಡಿ. ನೇರವಾಗಿ ಹೇಳುವ ಧೈರ್ಯ ನನಗೆ ಇತ್ತೀಚಿನವರೆಗೂ ಇರಲಿಲ್ಲ.

ಕಿರಿಮಂಜೇಶ್ವರದಿಂದ ಸ್ವಲ್ಪ ಒಳಗೆ, ಹೊಳೆಯ ಈಚೆ ದಡದಲ್ಲಿ ನಮ್ಮ ಮನೆ. ರಸ್ತೆ, ಬಸ್ಸು, ಹಾಲಿನ ಡೈರಿ ಎಲ್ಲ ಈಚೆಗೇ. ಆಚೆ ದಡದಲ್ಲಿ ಏಳೆಂಟು ಮನೆಗಳು. ಬೇಸಿಗೆಯಲ್ಲಿ ಪಂಚೆ ಎತ್ತಿಕೊಂಡು ದಾಟಬಹುದಾದ ಹೊಳೆ ಅದು. ಮಳೆ ಹಿಡಿಯಿತೆಂದರೆ ಕೆಂಪಾಗಿ ಉಕ್ಕಿ, ಹೆಸರು ಹೇಳಿ ಕರೆದರೂ ಆಚೆಯವರಿಗೆ ಕೇಳಿಸದಷ್ಟು ಸದ್ದು ಮಾಡುತ್ತದೆ. ಆಗ ದಾಟಲು ಇದ್ದದ್ದು ಸಂಕ ಒಂದೇ. ಎರಡು ತೆಂಗಿನ ಮರದ ಕಾಂಡ, ಕೈ ಹಿಡಿಯಲು ಒಂದು ಬಿದಿರು.

ಆ ಸಂಕ ಹಾಕುವುದು ನಮ್ಮ ಮನೆಯವರು. ಯಾರೋ ಕೊಟ್ಟ ಅಧಿಕಾರವಲ್ಲ. ಅಪ್ಪ ಹಾಕುತ್ತಿದ್ದರು, ಆಮೇಲೆ ನಾನು ಹಾಕಿದೆ. ಎಸ್ಸೆಸ್ಸೆಲ್ಸಿ ಪಾಸಾಗಿ ಮನೆಯಲ್ಲೇ ಉಳಿದ ನಾನು ಯಾವುದಕ್ಕೂ ಅಧ್ಯಕ್ಷನಾದವನಲ್ಲ. ಭಜನಾ ಮಂಡಳಿಯಲ್ಲಿ ಕೂಡ ತಾಳ ಹೊಡೆಯುವಷ್ಟಕ್ಕೇ ನನ್ನ ಸ್ಥಾನ. ಆದರೆ ಮಳೆಗಾಲದ ಮೊದಲ ವಾರ ಆಚೆಯವರು ಸಂಕ ದಾಟಿ ಬಂದು "ಈ ಸರ್ತಿ ಗಟ್ಟಿ ಇತ್ತ್, ಅಣ್ಣಯ್ಯ" ಎನ್ನುವಾಗ, ಶಾಲು ಹೊದಿಸಿಕೊಂಡು ಹಾರ ಹಾಕಿಸಿಕೊಂಡವರ ಹಾಗೆ ನಾನು ಉಬ್ಬುತ್ತಿದ್ದೆ.

ಕಾಂಡದ ಇನ್ನೊಂದು ತುದಿ ಹಿಡಿಯುತ್ತಿದ್ದವನು ಆಚೆ ದಡದ ಮಹಾಬಲ. ನನಗಿಂತ ಚಿಕ್ಕವನು, ಬಾಯಿ ಮಾತ್ರ ದೊಡ್ಡದು. "ಅಣ್ಣಯ್ಯ, ನೀವ್ ಹಿಡ್ಕಂಡದ್ದ್ ಮರ ಅಲ್ಲ, ಮರದ್ ನೆರಳ್. ಭಾರ ಎಲ್ಲ ನನ್ನ್ ಬದಿಗಿತ್ತ್" ಎಂದು ಕೂಗುತ್ತಿದ್ದ. ಅವನ ಹೆಂಡತಿ ಗುಲಾಬಿ ದಡದಲ್ಲಿ ನಿಂತು ನಗುತ್ತಿದ್ದಳು. "ಇಬ್ರೂ ಸೇರಿ ಹೊಳಿಗ್ ಬಿದ್ರೆ ಮೊದ್ಲ್ ಯಾರನ್ನ್ ಎಳೂದ್ ಅಂದೇಳಿ ಈಗ್ಳೇ ಹೇಳಿನಿ!" ಅವಳು ಎರಡು ದನ ಸಾಕಿದ್ದಳು. ದಿನಾ ಬೆಳಿಗ್ಗೆ ಹಾಲಿನ ಕ್ಯಾನು ಹಿಡಿದು ಸಂಕ ದಾಟಿ ಡೈರಿಗೆ ಬರುತ್ತಿದ್ದಳು. ಬರುವಾಗ ನಮ್ಮ ಅಂಗಳದಲ್ಲಿ ಒಂದು ಗಳಿಗೆ ನಿಂತು ನನ್ನ ಹೆಂಡತಿಯ ಹತ್ತಿರ ಮಾತಾಡದೆ ಹೋದವಳಲ್ಲ.

ನಮ್ಮ ಕಡೆ ಆಗ ಒಂದು ಸೇತುವೆಯೆಂದರೆ ವರ್ಷಗಟ್ಟಲೆಯ ಕೆಲಸ. ಒಂದು ಬೇಸಿಗೆಯಲ್ಲಿ ಕಂಬ ಏಳುತ್ತಿತ್ತು, ಮಳೆಗೆ ಹಲಗೆ ಕೊಚ್ಚಿ ಹೋಗುತ್ತಿತ್ತು, ಮತ್ತೆ ಮುಂದಿನ ಬೇಸಿಗೆ. ಅಂಥದ್ದರಲ್ಲಿ ಪಂಚಾಯಿತಿಯವರು ಒಮ್ಮೆ ಕಂಟ್ರಾಕ್ಟರರ ಸೂಪರ್‌ವೈಸರನ್ನು ಕರೆದುಕೊಂಡು ಬಂದರು. ಸೇತುವೆಯನ್ನು ಬ್ರಹ್ಮಾವರದ ಹತ್ತಿರದ ಬಯಲಿನಲ್ಲಿ ತುಂಡು ತುಂಡಾಗಿ ಎರಕ ಹೊಯ್ದಿಟ್ಟಿದ್ದಾರಂತೆ. ನೀರು ಒಳಗಿಂದ ಹರಿದು ಹೋಗುವ ಹಾಗೆ ಎರಡು ಕಡೆ ಬಾಯಿ ತೆರೆದ ದೊಡ್ಡ ದೊಡ್ಡ ಕಾಂಕ್ರೀಟ್ ಪೆಟ್ಟಿಗೆಗಳು. ಲಾರಿಯಲ್ಲಿ ತಂದು ಕ್ರೇನಿನಿಂದ ಇಳಿಸಿ ಒಂದಕ್ಕೊಂದು ಒತ್ತಿ ಕೂರಿಸಿದರೆ ಎರಡು ದಿನದಲ್ಲಿ ಸಂಕ ತಯಾರು.

ಸಭೆಯಲ್ಲಿ ಮೊದಲು ಬಾಯಿ ಬಿಟ್ಟವನು ನಾನು. "ಎಲ್ಲೋ ಕೊಟ್ಟೆ ಕಡ್ಬ್ ಬೇಯ್ಸಿದಾಂಗ್ ಬೇಯ್ಸಿ, ಇಲ್ ತಂದ್ ಬಡ್ಸ್ರೆ ಅದ್ ಸಂಕ ಆತ್ತಾ?" ಎಲ್ಲರೂ ನಕ್ಕರು. ಮಹಾಬಲ ನಗಲಿಲ್ಲ. "ಹಸಿವಾದವ್ರಿಗೆ ಎಲ್ ಬೇಯ್ಸಿದ್ರೆ ಎಂತ ಅಣ್ಣಯ್ಯ?" ಎಂದ.

ಅನುಮಾನವಿದ್ದವರು ಬಂದು ನೋಡಿ ಎಂದು ಸೂಪರ್‌ವೈಸರ್ ನಮ್ಮನ್ನು ಜೀಪಿನಲ್ಲಿ ಬ್ರಹ್ಮಾವರಕ್ಕೆ ಕರೆದುಕೊಂಡು ಹೋದ. ಬಯಲಿನ ತುಂಬ ಪೆಟ್ಟಿಗೆಗಳು, ಮೇಲೆ ಒದ್ದೆ ಗೋಣಿ, ಪೈಪು ಹಿಡಿದು ನೀರು ಹೊಡೆಯುವ ಹೆಂಗಸರು. ನಾನು ಒಂದು ಗೋಣಿ ಎತ್ತಿ ಒಳಗೆ ಕೈಯಾಡಿಸಿದೆ. ಮೂಲೆ ಮೂಲೆಯೂ ನಯವಾಗಿತ್ತು, ಕಲ್ಲಿನಷ್ಟು ಗಟ್ಟಿ. ಇದು ನನ್ನ ಹೊಳೆಯಲ್ಲಿ ನಿಲ್ಲುತ್ತದೆ, ನಾನು ಸತ್ತ ಮೇಲೂ ನಿಲ್ಲುತ್ತದೆ ಎಂದು ಅಲ್ಲೇ ಗೊತ್ತಾಯಿತು. ಗೊತ್ತಾಗದೆ ಮಾಡಿದೆ ಎನ್ನುವ ಹಾಗಿಲ್ಲ, ನೋಡಿ.

ಲಾರಿ ರಸ್ತೆಯಿಂದ ಹೊಳೆಗೆ ಇಳಿಯಬೇಕಾದರೆ ನನ್ನ ಗದ್ದೆಯೊಂದೇ ದಾರಿ. ಸುಗ್ಗಿ ಕೊಯ್ಲು ಮುಗಿದು ನೆಲ ಒಣಗಿ ಬಿರುಕು ಬಿಟ್ಟಿತ್ತು. ಬೇಡ ಎನ್ನಲು ನಾಚಿಕೆ. ಎಲ್ಲರೆದುರು ದೊಡ್ಡ ಮನುಷ್ಯನ ಹಾಗೆ "ಹೋಪ, ನನ್ನ್ ಗದ್ದಿ ಮೇಲೇ ಹೋಪ" ಎಂದೆ. ಮರುದಿನ ಲಾರಿ ಬರುವುದಿತ್ತು. ಸಂಜೆ ಒಬ್ಬನೇ ಗದ್ದೆಯ ಅಂಚಿನಲ್ಲಿ, ಅಂದರೆ ಮಣ್ಣಿನ ಬದುವಿನ ಮೇಲೆ, ನಿಂತಿದ್ದೆ. ಹೊಳೆಯ ಮೇಲ್ಗಡೆ ಬೆಳೆಗೆಂದು ಕಟ್ಟಿದ ಮಣ್ಣಿನ ಕಟ್ಟ ಹಾಗೇ ಇತ್ತು, ಹಿಂದೆ ನೀರು ನನ್ನ ಅಂಚಿನ ತನಕ ತುಂಬಿ ನಿಂತಿತ್ತು. ಈ ಮಳೆಗಾಲ ಸಂಕದ ಬಗ್ಗೆ ಯಾರೂ ನನ್ನ ಹತ್ತಿರ ಮಾತಾಡುವುದಿಲ್ಲ ಎಂಬ ಯೋಚನೆ ಬಂತು. ಅಷ್ಟೇ. ಅದಕ್ಕಿಂತ ದೊಡ್ಡ ಕಾರಣ ಹುಡುಕಿದರೂ ನನಗೆ ಸಿಗಲಿಲ್ಲ. ಗುದ್ದಲಿ ತೆಗೆದುಕೊಂಡು ಅಂಚು ಕಡಿದು ಗದ್ದೆಗೆ ನೀರು ಬಿಟ್ಟೆ.

ಬೆಳಿಗ್ಗೆ ಲಾರಿ ಗದ್ದೆಗಿಳಿದು ನಾಲ್ಕು ಮಾರು ಹೋಗುವಷ್ಟರಲ್ಲಿ ಮುಂದಿನ ಚಕ್ರ ಕೆಸರಿನಲ್ಲಿ ಹೂತು ಹೋಯಿತು. ಕೂಗಾಟವೋ ಕೂಗಾಟ. ನೀರು ಎಲ್ಲಿಂದ ಬಂತೆಂದು ಕೇಳಿದವರಿಗೆ ನಾನು ತಣ್ಣಗೆ ಹೇಳಿದೆ: "ಏಡಿ ಅಂಚ್ ಕೊರ್ದಿತ್ತ್ ಕಾಣಿ." ಯಾರೂ ಸಂಶಯಪಡಲಿಲ್ಲ. ನಮ್ಮ ಗದ್ದೆಗಳಲ್ಲಿ ಏಡಿ ಕೊರೆಯದ ಅಂಚು ಯಾವುದಿದೆ? ಮಹಾಬಲ ಮೊಣಕಾಲಿನ ತನಕ ಕೆಸರಿಗಿಳಿದು, ಹುಲ್ಲು ಮಣ್ಣು ತುರುಕಿ ನಾನು ಕಡಿದ ಬಾಯಿ ಮುಚ್ಚಿದ. "ಹಾಳ್ ಏಡಿ! ವರ್ಷ ಇಡೀ ಬಿಟ್ಟ್ ಇವತ್ತೇ ಸಿಕ್ತಾ ನಿಂಗೆ?" ಎಂದು ಬೈಯುತ್ತಿದ್ದ. ನಾನು ಹಿಂದೆ ನಿಂತು ಮಣ್ಣು ಎತ್ತಿ ಎತ್ತಿ ಕೊಟ್ಟೆ.

ಕ್ರೇನಿಗೆ ಬೇರೆ ಊರಿನಲ್ಲಿ ಕೆಲಸವಿತ್ತು. ಪೆಟ್ಟಿಗೆಗಳನ್ನು ರಸ್ತೆ ಬದಿಗೆ ಇಳಿಸಿ, ಗದ್ದೆ ಒಣಗಲಿ ಎಂದು ಹೋದರು. ಒಣಗುವ ಮೊದಲೇ ಮಳೆಗಾಲ ಹಿಡಿಯಿತು. ಬಸ್ಸು ಕಾಯುವವರು ಮಳೆ ಬಂದಾಗ ಆ ಪೆಟ್ಟಿಗೆಗಳೊಳಗೆ ನಿಲ್ಲುತ್ತಿದ್ದರು. ನಾನೂ ಮಹಾಬಲನೂ ಎಂದಿನಂತೆ ತೆಂಗಿನ ಕಾಂಡ ಹಾಕಿದೆವು. ಆ ವರ್ಷ ಎಲ್ಲ ವರ್ಷಕ್ಕಿಂತ ಬಿಗಿಯಾಗಿ ಕಟ್ಟಿದೆ, ಬಿದಿರನ್ನು ಎರಡೆರಡು ಕಡೆ ಬಿಗಿದೆ. ಎಲ್ಲರೂ ಹೊಗಳಿದರು. ಗುಲಾಬಿಯೂ ಹೊಗಳಿದಳು.

ಆಸಾಡಿ ತಿಂಗಳ ಒಂದು ಬೆಳಿಗ್ಗೆ ಅವಳು ಡೈರಿಗೆ ಬರಲಿಲ್ಲ. ಸಂಕ ಹಾಗೇ ಇತ್ತು, ಬಿದಿರೂ ಇತ್ತು. ಪಾಚಿ ಹಿಡಿದ ಕಾಂಡದ ಮೇಲೆ ಕಾಲು ಜಾರಿತ್ತು, ಅಷ್ಟೇ. ಹಾಲಿನ ಕ್ಯಾನು ಅಳಿವೆಯ ತನಕ ಹೋಗಿತ್ತು. ಗುಲಾಬಿ ಅದಕ್ಕಿಂತ ಈಚೆ, ಕೇದಗೆ ಪೊದೆಯಲ್ಲಿ ಸಿಕ್ಕಳು. ಕುಂದಾಪುರದ ಆಸ್ಪತ್ರೆಗೆ ಒಯ್ದದ್ದು ಕಾಗದಪತ್ರಕ್ಕೆ ಮಾತ್ರ. ನನ್ನ ಹೆಗಲಿನ ಮೇಲೆ ತಲೆಯಿಟ್ಟು ಮಹಾಬಲ ಅತ್ತ. ನಾನು ಅವನ ಬೆನ್ನು ಸವರಿದೆ. ಅಂಚು ಕಡಿದದ್ದೂ ಅದೇ ಕೈ.

ಮಳೆ ಹೋಗಿ ಗದ್ದೆ ಗಟ್ಟಿಯಾದ ಮೇಲೆ ಕ್ರೇನು ಬಂತು. ಪೆಟ್ಟಿಗೆಗಳು ಗಾಳಿಯಲ್ಲಿ ತೂಗಿ ಬಂದು ಒಂದರ ಪಕ್ಕ ಒಂದು ಕೂತವು, ಸಂದಿಗೆ ಸಿಮೆಂಟು ತುಂಬಿದರು. ಎರಡನೆಯ ದಿನ ಬಿಸಿಲು ಇಳಿಯುವ ಮೊದಲೇ ಮಕ್ಕಳು ಅದರ ಮೇಲೆ ಓಡಾಡಿದರು. ಇಷ್ಟು ಬೇಗ ಆಯಿತೇ ಎಂದು ಊರಿಗೆ ಊರೇ ಬಾಯಿ ಬಿಟ್ಟಿತು. ಮಹಾಬಲ ಆಚೆ ದಡದಲ್ಲಿ ಕುಕ್ಕರುಗಾಲಿನಲ್ಲಿ ಕೂತು ಎಲ್ಲವನ್ನೂ ನೋಡಿದ. ಕೊನೆಗೆ ಹೊಸ ಸಂಕ ದಾಟಿ ನನ್ನ ಹತ್ತಿರ ಬಂದ. "ಎರಡ್ ದಿನದ್ ಕೆಲ್ಸ, ಅಣ್ಣಯ್ಯ" ಎಂದ.

ಅಲ್ಲಿಂದ ಮುಂದೆ ಅವನು ಏಡಿ ತಿನ್ನುವುದು ಬಿಟ್ಟ. ಏಡಿ ಸುಕ್ಕ ಎಂದರೆ ಕರೆಯದಿದ್ದರೂ ಬಂದು ಕೂರುತ್ತಿದ್ದವನು. ಊರವರು ಮೊದಮೊದಲು ತಮಾಷೆ ಮಾಡಿದರು, ಆಮೇಲೆ ಮರೆತರು. ನಾನು ಮರೆಯಲಿಲ್ಲ, ಆದರೆ ಬಾಯಿ ಬಿಡಲೂ ಇಲ್ಲ. ವರ್ಷಗಳು ಹೋದವು. ಹೈವೇ ಅಗಲವಾಯಿತು. ದಿನಾ ಬೆಳಿಗ್ಗೆ ಅವನು ಸಂಕ ದಾಟಿ ಬರುತ್ತಿದ್ದ. ನಾವಿಬ್ಬರೂ ಕ್ಯಾನು ಹಿಡಿದು ಒಟ್ಟಿಗೆ ಡೈರಿಗೆ ಹೋಗುತ್ತಿದ್ದೆವು.

ಕಳೆದ ತಿಂಗಳು ಅವನು ನಮ್ಮಲ್ಲಿ ಊಟಕ್ಕೆ ಕೂತಿದ್ದ. ನನ್ನ ಹೆಂಡತಿ ಸುಕ್ಕದ ಪಾತ್ರೆ ಹಿಡಿದು, "ಒಂದ್ ತುಂಡ್ ಹಾಕ್ತೆ ಮಾಬ್ಲ, ಎಷ್ಟ್ ವರ್ಷ ಆಯ್ತ್" ಎಂದಳು. ಅವನು ಬಟ್ಟಲಿಗೆ ಕೈ ಅಡ್ಡ ಹಿಡಿದ. "ಬ್ಯಾಡ ಅತ್ಗಿ. ಆ ಏಡಿ ಒಂದ್ ಅಂಚ್ ಕೊರೀದೇ ಇದ್ದಿದ್ರೆ ಗುಲಾಬಿ ಇವತ್ತ್ ಇರ್ತಿತ್ತ್."

"ಅದ್ ಏಡಿ ಅಲ್ಲ, ಮಾಬ್ಲ" ಎಂದೆ. ಹೇಗೆ ಬಾಯಿಂದ ಬಂತೋ ಗೊತ್ತಿಲ್ಲ.

"ಎಂತ ಅಲ್ಲ?"

"ಅಂಚ್ ಕಡ್ದದ್ದ್ ನಾನ್."

ಅವನ ಕೈಯಲ್ಲಿದ್ದ ಅನ್ನ ಕೈಯಲ್ಲೇ ಉಳಿಯಿತು. ಕೇಳಿದ: "ನಾ ತೂತ್ ಮುಚ್ಚುವ ಹೊತ್ತಿಗೆ ನೀವ್ ಎಲ್ಲಿದ್ರಿ?"

"ನಿನ್ನ್ ಹಿಂದೆ."

ಎದ್ದು ಕೈ ತೊಳೆದ. ಮೆಟ್ಟಿಲ ಹತ್ತಿರ ನಿಂತು, ನನ್ನ ಕಡೆ ನೋಡದೆ ಹೇಳಿದ: "ಇಷ್ಟ್ ವರ್ಷ ಏಡಿ ಮೇಲೆ, ಹೊಳಿ ಮೇಲೆ ಸಿಟ್ಟ್ ಮಾಡ್ಕಂಡ್ ಹ್ಯಾಂಗೋ ದಿನ ಕಳ್ದೆ. ನಾ ಬೈದದ್ದ್ ಅವಕ್ಕ್ ಗೊತ್ತಾತಿಲ್ಲ. ನಿಮ್ಗ್ ಗೊತ್ತಾತ್ತಲೆ ಅಣ್ಣಯ್ಯ. ಇನ್ ನಾ ಎಂತ ಮಾಡ್ಕ್?"

ಹೇಳಿಬಿಟ್ಟರೆ ಎದೆ ಹಗುರಾಗುತ್ತದೆ ಎಂದು ನಾನು ನಂಬಿದ್ದೆ. ನನ್ನದು ಹಗುರಾಯಿತೋ ಏನೋ. ಇಳಿಸಿದ ಭಾರ ಅವನ ತಲೆಯ ಮೇಲೆ ಕೂತಿತು.

ಮರುದಿನದಿಂದ ಮಹಾಬಲ ಸಂಕ ದಾಟಲಿಲ್ಲ. ದಾಟಿದರೆ ನಮ್ಮ ಅಂಗಳದ ಮೇಲೇ ಬರಬೇಕು. ಕ್ಯಾನು ಹಿಡಿದು ಕೆಳಗಿನ ಹೈವೇ ಸೇತುವೆಯ ತನಕ ನಡೆದು, ಸುತ್ತು ಹಾಕಿ ಡೈರಿಗೆ ಬರುತ್ತಾನೆ. ಎರಡನೆಯ ಸಲ ಅವನಿಗೆ ಸಂಕ ಇಲ್ಲದ ಹಾಗೆ ಮಾಡಿದವನೂ ನಾನೇ.

ಇವತ್ತು ಬೆಳಿಗ್ಗೆ ಡೈರಿಯ ಸಾಲಿನಲ್ಲಿ ಯಾರೋ ಅವನನ್ನು ಕೆಣಕಿದರು. "ಹ್ವಾಯ್ ಮಾಬ್ಲಣ್ಣ, ಮನಿ ಎದ್ರ್ ಸಂಕ ಇಟ್ಕಂಡ್ ಹೈವೇ ಅಳತಿ ಮಾಡೂಕ್ ಹೊರ್ಟ್ರ್ಯಾ?"

"ಡಾಕ್ಟ್ರ್ ನಡೂಕ್ ಹೇಳಿರ್ ಮಾರಾಯಾ" ಎಂದ ಮಹಾಬಲ.

ಅವನಿಗೆ ಸುಳ್ಳು ಹೇಳಿ ರೂಢಿಯಿಲ್ಲ, ಧ್ವನಿಯಲ್ಲೇ ತಿಳಿಯುತ್ತಿತ್ತು. ಆ ಸುಳ್ಳು ನನಗಾಗಿ. ನಾನು ಸುಮ್ಮನಿದ್ದರೆ ಅದನ್ನು ಅವನು ಸಾಯುವ ತನಕ ಹೊರಬೇಕು. "ಡಾಕ್ಟ್ರ್ ಅಲ್ಲ" ಎಂದೆ. ಎಲ್ಲರೂ ತಿರುಗಿದರು. ಗದ್ದೆ, ಕಟ್ಟ, ಗುದ್ದಲಿ, ಲಾರಿ, ಗುಲಾಬಿ, ಎಲ್ಲವನ್ನೂ ಹಾಲು ಅಳೆಯುವ ಮೇಜಿನ ಎದುರು ನಿಂತು ಹೇಳಿದೆ. ಅಳತೆಯ ಕೈ ನಿಂತಿತು. ನಾನು ಮುಗಿಸುವ ಮೊದಲೇ ಮಹಾಬಲ ಖಾಲಿ ಕ್ಯಾನು ಎತ್ತಿಕೊಂಡು ಹೈವೇಯ ಕಡೆ ನಡೆದಿದ್ದ. ನನ್ನ ಹಿಂದೆ ನಿಂತವರು ನನ್ನ ಮುಖ ನೋಡದೆ ತಮ್ಮ ಕ್ಯಾನಿನ ಮುಚ್ಚಳ ತೆಗೆದರು. ನಾನು ಪಕ್ಕಕ್ಕೆ ಸರಿದು ಅವರಿಗೆ ದಾರಿ ಬಿಟ್ಟೆ.