ಕೆಳಗಿನ ಮನೆಯ ಆಯಿ

ಬಾಗಿಲು ತೆರೆದಾಗ ಎದುರಿಗೆ ನಿಂತಿದ್ದ ಹೆಂಗಸು ನನ್ನನ್ನು ಬೈಯುತ್ತಿದ್ದರು. ಬೈಗುಳವೆಂದು ದನಿಯಿಂದ ತಿಳಿಯಿತೇ ಹೊರತು ಮಾತಿನಿಂದಲ್ಲ. ಚೀನಾದ ತಾಯ್‌ಯುವಾನ್ ನಗರಕ್ಕೆ ಬಂದು ನನಗಿನ್ನೂ ಎರಡು ವಾರ. ವಿನಯದ ಮಾತೆಂದು ಬರುತ್ತಿದ್ದದ್ದು ‘ಶಿಯೆ ಶಿಯೆ’, ಅಂದರೆ ಧನ್ಯವಾದ. ಅವರು ಬೈದಾಗಲೆಲ್ಲ ಅದನ್ನೇ ಹೇಳಿದೆ. ಕೊನೆಗೆ ಅವರು ಬೈಯುವುದನ್ನು ನಿಲ್ಲಿಸಿದರು. ಫೋನು ತೆಗೆದು ಅದಕ್ಕೇನೋ ಹೇಳಿ ಪರದೆಯನ್ನು ನನ್ನ ಕಡೆ ತಿರುಗಿಸಿದರು. ಹಿಂದಿಯಲ್ಲಿ ಒಂದು ಸಾಲು ಮೂಡಿತ್ತು: ನೀನು ದಿನಾ ಬೆಳಿಗ್ಗೆ ಯಾರನ್ನು ಹೊಡೆಯುತ್ತೀ?

ಕೈ ಹಿಡಿದು ಅಡುಗೆಮನೆಗೆ ಕರೆದೊಯ್ದೆ. ಅಲ್ಲಿ ಅರ್ಧ ಬಡಿದ ರೊಟ್ಟಿಯಿತ್ತು. ಆ ಊರಿನ ಮಾರುಕಟ್ಟೆಯಲ್ಲಿ ಕೆಂಪು ಜೋಳದ ಹಿಟ್ಟು ಸಿಗುತ್ತದೆ. ಅಲ್ಲಿಯವರು ಅದರಲ್ಲಿ ಶಾವಿಗೆಯಂಥದ್ದು ಮಾಡಿ ತಿನ್ನುತ್ತಾರೆ; ಚಿಕ್ಕೋಡಿ ಕಡೆಯ ಗಡಿ ಹಳ್ಳಿ ಜುಗೂಳದಲ್ಲಿ ಬೆಳೆದ ನನ್ನ ಕೈಗೆ ಬರುವುದು ರೊಟ್ಟಿ. ಉಳಿದರ್ಧವನ್ನು ಅವರೆದುರಿಗೇ ಬಡಿದು ಬೇಯಿಸಿ ಒಂದು ಚೂರು ಕೊಟ್ಟೆ. ಅವರು ನಿಂತೇ ಅಗಿದರು. ‘ಗಾವ್‌ಲ್ಯಾಂಗ್’ ಎಂದರು. ಜೋಳ ಎಂದು ಆಮೇಲೆ ತಿಳಿಯಿತು. ನಗದೆ, ಬೈಯದೆ, ಮೆಟ್ಟಿಲಿಳಿದು ಹೋದರು. ಮರುದಿನ ಬಾಗಿಲ ಬಳಿ ಒಂದು ಬಾಟಲಿ ಇತ್ತು. ಕಪ್ಪು ವಿನೆಗರ್. ಅವರಿಗೆ ರೊಟ್ಟಿ ಒಣಒಣ ಅನಿಸಿತ್ತು, ಅದಕ್ಕೇ ಇಟ್ಟಿದ್ದರು. ನಿಮಗೆ ನಗು ಬರಬಹುದು, ಈಗ ನನಗೆ ಶೇಂಗಾ ಚಟ್ನಿಗೂ ಆ ಹುಳಿ ಬೇಕು.

ಚಿಕ್ಕೋಡಿಯಲ್ಲಿ ಕೆಲವು ವರ್ಷ ಯೋಗ ಕಲಿಸಿದ್ದೆ. ಚೀನಾದ ಯೋಗಶಾಲೆಗಳಿಗೆ ನಮ್ಮ ದೇಶದ ಶಿಕ್ಷಕಿಯರು ಬೇಕೆಂದು ಗೆಳತಿಯೊಬ್ಬಳು ಹೇಳಿದಾಗ ಹೊರಟುಬಿಟ್ಟೆ. “ಚಿಕ್ಕೋಡ್ಯಾಗ ಕಲಸೂದನ್ನ ಕಲಸಾಕ ಅಷ್ಟ ದೂರ ಯಾಕ ಹೋಗಬೇಕಬೇ?” ಎಂದು ಅವ್ವ ಕೇಳಿದ್ದಳು. ಬಂದ ಮೇಲೆ ಎಷ್ಟೋ ಸಂಜೆ ಅದನ್ನೇ ನಾನೂ ಕೇಳಿಕೊಂಡೆ. ದಿನವಿಡೀ ಆಡುತ್ತಿದ್ದದ್ದು ‘ಶೀ ಛಿ, ಹೂ ಛಿ’ ಎಂಬ ಎರಡೇ ಮಾತು. ಉಸಿರೆಳೆಯಿರಿ, ಉಸಿರು ಬಿಡಿ. ಶಾಲೆಯಿಂದ ಹೊರಗೆ ಬಂದರೆ ಆ ಎರಡು ಮಾತಿಗೆ ಒಂದು ಕಟ್ಟು ಕೊತ್ತಂಬರಿಯೂ ಸಿಗದು. ಸಕ್ಕರೆಗೂ ‘ಥಾಂಗ್’, ಸಾರಿಗೂ ‘ಥಾಂಗ್’. ದನಿ ಏರಿದರೆ ಸಕ್ಕರೆ, ಸಮವಾಗಿ ನಿಂತರೆ ಸಾರು. ನಾನು ಚಹಾಕ್ಕೆ ಸಕ್ಕರೆ ಕೇಳಿ ಸಾರು ಕುಡಿದು ಬಂದವಳು.

ಅದನ್ನು ತಿದ್ದಿದವರು ಅಂದು ಬೈಯಲು ಬಂದಿದ್ದ ಕೆಳಗಿನ ಮನೆಯ ಲಿಯೂ ಅವರೇ. ನನ್ನ ಮುಂಗೈ ಹಿಡಿದು ಸಕ್ಕರೆಗೆ ಮೇಲೆತ್ತುತ್ತಿದ್ದರು, ಸಾರಿಗೆ ಅಡ್ಡಲಾಗಿ ಎಳೆಯುತ್ತಿದ್ದರು. ಅವರ ವಯಸ್ಸಿನ ಹೆಂಗಸರನ್ನು ಅಲ್ಲಿ ‘ಆಯಿ’ ಎನ್ನಬೇಕು, ಚಿಕ್ಕಮ್ಮ ಎಂದಂತೆ. ನಮ್ಮಲ್ಲಿ ಆಯಿ ಎಂದರೆ ಅಜ್ಜಿ, ಪಕ್ಕದ ಮರಾಠಿಯಲ್ಲಿ ತಾಯಿ. ಆ ಒಂದು ಪದವನ್ನು ಮಾತ್ರ ನಾನು ಕಲಿಯಬೇಕಾಗಲಿಲ್ಲ.

ಮೊದಲ ಚಳಿಗಾಲದಲ್ಲೇ ಹಿಮದ ಮೇಲೆ ಜಾರಿ ಬಲಗೈ ಮುರಿದುಕೊಂಡೆ. ಶಾಲೆಯವರು ರಜೆ ಕೊಟ್ಟರು. ಆದರೆ ಎಡಗೈಯೊಂದರಿಂದ ಜಡೆ ಹಾಕಿಕೊಳ್ಳುವುದು ಹೇಗೆ? ಲಿಯೂ ಆಯಿ ಕರೆಯದೆ ಬಂದರು. ಬಿಸಿನೀರು ಕಾಯಿಸಿ ತಲೆ ತೊಳೆದು, ಒರೆಸಿ, ಬಿಗಿಯಾಗಿ ಹೆಣೆದರು. ಕಣ್ಣು ತುಂಬಿ ‘ಶಿಯೆ ಶಿಯೆ’ ಎಂದೆ. ಅವರಿಗೆ ಸಿಟ್ಟು ಬಂತು. ‘ಬಿಯೆ ಖಛಿ’ ಎಂದು ಗದರಿದರು: ಹೊರಗಿನವಳಂತೆ ಆಡಬೇಡ. ಜುಗೂಳದಲ್ಲಿಯೂ ಹಾಗೇ ಅಲ್ಲವೇ? ಅತ್ತಿಗೆ ನೀರು ಕೊಟ್ಟಾಗ ಥ್ಯಾಂಕ್ಸ್ ಅಂದು ನೋಡಿ, ಅವಳ ಮುಖ ಸಣ್ಣದಾಗುತ್ತದೆ.

ಆ ದಿನಗಳಲ್ಲೇ ಅವ್ವ ವಿಡಿಯೊ ಕರೆ ಮಾಡಿದಳು. ಕೈಯ ಪಟ್ಟಿ ನೋಡಿ ಹಟ ಹಿಡಿದಳು.

“ನಾಳೀನ ಹೊಂಟ ಬಾ. ಅಲ್ಲೆ ಯಾರ ಅದಾರ ನಿನಗ?”

ಆಗ ಆಯಿ ತಟ್ಟೆ ಹಿಡಿದು ಒಳಗೆ ಬಂದವರು ಫೋನಿನಲ್ಲಿ ಇಣುಕಿದರು. ಅವ್ವ ಸೆರಗು ಸರಿಮಾಡಿಕೊಂಡು ಮರಾಠಿಗೆ ಹೊರಳಿದಳು. ಕನ್ನಡ ಬಾರದವರಿಗೆಲ್ಲ ಮರಾಠಿ ಬರುತ್ತದೆಂಬುದು ಅವಳ ನಂಬಿಕೆ.

“ತುಮ್ಹಿ ಜೇವಲಾ ಕಾ?”

ಅದೇ ಹೊತ್ತಿಗೆ ಆಯಿ ಕೇಳಿದರು, “ಛಿ ಲ ಮಾ?”

ಇಬ್ಬರೂ ಕೇಳಿದ್ದು ಊಟವಾಯಿತೇ ಎಂದು. ನಾನು ಅನುವಾದಿಸುವ ಮೊದಲೇ ಇಬ್ಬರೂ ತಲೆಯಾಡಿಸಿದರು. ಆಮೇಲೆ ಅವ್ವನ ಕಣ್ಣು ತಟ್ಟೆಯ ಮೇಲೆ ಬಿತ್ತು.

“ರೊಟ್ಟಿ ಲಟ್ಟಣಿಗಿಲೆ ಮಾಡ್ಯಾರಲ್ಲಬೇ.”

“ಹೌದವ್ವ. ಬಡಿಯಾಕ ಬರೂದಿಲ್ಲ ಅವರಿಗೆ.”

“ಇರಲಿ. ಚಲೋ ಬೇಯಿಸ್ಯಾರ.” ಮತ್ತೆ ನನ್ನ ಕೈಯ ಪಟ್ಟಿ ನೋಡಿ, “ಕೈ ಕೂಡೂತನಕ ಅಲ್ಲೇ ಇರು” ಎಂದಳು.

ಬೇಸಿಗೆಯಲ್ಲಿ ರಜೆ ಸಿಕ್ಕಿ ಊರಿಗೆ ಬಂದೆ. ಹೊಳೆಯ ಗಾಳಿ, ಅವ್ವನ ಮಾತು, ಯಾರೂ ತಿದ್ದಬೇಕಿಲ್ಲದ ನನ್ನ ಕನ್ನಡ. ಬೆಳಗಾದರೂ ಏಳದೆ ಮಲಗಿರುತ್ತಿದ್ದೆ. ಹೊರಡುವ ದಿನ ಹತ್ತಿರವಾದಾಗ ಆಯಿಯ ಕರೆ ಬಂತು. ಕಟ್ಟೆಯ ಮೇಲೆ ಕೂತು ಮಾತಾಡಿದೆ. ಅವ್ವ ಪಕ್ಕದಲ್ಲೇ ಶೇಂಗಾ ಸುಲಿಯುತ್ತಿದ್ದಳು. ಆಯಿ ಕೇಳಿದರು, “ಶಮ್ಮ ಶಿಹೋ ಹುಯ್ ಜ್ಯಾ?”

ಜ್ಯಾ ಎಂದರೆ ಮನೆ. ಮನೆಗೆ ಯಾವಾಗ ಮರಳುತ್ತೀ ಎಂದು ಕೇಳಿದ್ದರು.

“ಏನಂತಾರ?” ಅವ್ವ ಕೇಳಿದಳು.

“ಯಾವಾಗ ಬರ್ತಿ ಅಂತಾರ.”

“ಅಷ್ಟನ?”

“ಅಷ್ಟ.”

“ಮತ್ತ ಹೇಳು. ಪಾಪ, ಹಾದಿ ನೋಡಾಕತ್ತಾರ.”

ಹೇಳಿದೆ. ಸೋಮವಾರ ಮನೆಗೆ ಬರುತ್ತೇನೆ ಎಂದು, ಮನೆ ಎಂಬ ಪದವನ್ನು ಸೇರಿಸಿಯೇ, ಚೀನಿಯಲ್ಲಿ. ಅರ್ಥವಾಗದ ಅವ್ವ ಶೇಂಗಾದ ಬುಟ್ಟಿಯಿಂದ ಕಣ್ಣೆತ್ತಿ, ಸರಿ ಎನ್ನುವಂತೆ ತಲೆಯಾಡಿಸಿದಳು.